ಹೊನ್ನನ ಫೋನು

ಚಪ್ಪರದ ಕಂಬದಿಂದ ಬಲ್ಬಿನ ವಯರು ಬಿಚ್ಚಿ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದ ಸತೀಶ, ಅತ್ತಿಗೆ ಅಂಗಳಕ್ಕೆ ಇಳಿದದ್ದು ನೋಡಿ ಕೈ ನಿಲ್ಲಿಸಿದ. ಪ್ರತಿಭಾ ದೊಡ್ಡ ಬೋಗುಣಿಯನ್ನು ತೊಳೆಯಲು ತಂದಿದ್ದಳು. ಗಂಡ ಉಲ್ಲಾಸನ ಹನ್ನೆರಡನೆಯ ದಿನದ ಊಟ ನಿನ್ನೆ ಮುಗಿದಿತ್ತು. ನೆಂಟರೆಲ್ಲ ಸಂಜೆಯ ಬಸ್ಸಿಗೇ ಹೋಗಿದ್ದರು. ಕೋಲಸಿರ್ಸಿಯ ಆ ಮನೆಯಲ್ಲಿ ಇವತ್ತು ಮೂರೇ ಜನಕ್ಕೆ ಚಹಾ ಆಗಿತ್ತು.

“ಆ ಫೋನು ಕೊಟ್ಯೇನೋ ಅವಳಿಗೆ?” ಒಳಗಿನಿಂದ ಅತ್ತೆ ದುರ್ಗಮ್ಮ ಕೇಳಿದರು.

“ಕೊಡ್ತೀನೆ ಅವ್ವಾ, ಕೈ ಖಾಲಿ ಇಲ್ಲ.”

“ಇವತ್ತೇ ಹೋಗ್ಲಿ ಅದು. ಸತ್ತವರು ಎರವಲು ತಂದದ್ದು ಹನ್ನೆರಡು ಕಳದ ಮೇಲೆ ಮನೇಲಿ ಇರಬಾರ್ದು. ನಮ್ಮಲ್ಲಿ ಹೆಂಡತಿನೇ ಕೊಟ್ಟು ಬರೋದು. ನಿಮ್ಮಪ್ಪ ಹೋದಾಗ ಪಕ್ಕದೂರಿನವರ ಗುದ್ದಲಿ ಹೊತ್ಕಂಡು ನಾನೇ ಹೋಗಿದ್ನಲ್ಲ.”

ಸತೀಶ ಪ್ಯಾಂಟಿನ ಜೇಬಿನಿಂದ ಫೋನು ತೆಗೆದು, ಅಂಗಿಯ ತೋಳಿನಿಂದ ಒರೆಸಿ ಕೊಟ್ಟ. ಕಪ್ಪು ಫೋನು. ಒಂದು ಮೂಲೆಯಲ್ಲಿ ಗಾಜು ಸೀಳಿತ್ತು.

“ಮಂಚಿಕೇರಿ ಹೊನ್ನಣ್ಣಂದು. ಅಣ್ಣನ ಜೊತೆ ಐಟಿಐ ಓದಿದವ್ರು. ಈಗ ಹಿಟ್ಟಿನ ಗಿರಣಿ ಇಟ್ಟಿದಾರೆ.”

“ಯಾವಾಗ ತಂದದ್ದು?”

“ನಾಕು ದಿನಕ್ಕೆ ಅಂತ ತಂದಿದ್ದ. ಮೂರು ವರ್ಷ ಆಯ್ತೇನೋ.” ಅವನು ವಯರಿನ ಗಂಟು ನೋಡುತ್ತ ಹೇಳಿದ. “ಅಂಗಡಿ ನಡೀಬೇಕಲ್ಲ ಅತ್ತಿಗೆ. ಗಿರಾಕಿಗಳು ಎಲ್ಲ ವಾಟ್ಸಾಪಲ್ಲೇ ಕೇಳೋದು.”

“ಲಾಕು ಹೇಗೆ ತೆಗೆಯೋದು?”

“ಮೇಲಿಂದ ಕೆಳಗೆ, ಆಮೇಲೆ ಬಲಕ್ಕೆ. ಎಲ್ರಿಗೂ ಗೊತ್ತು.”

ಹೇಳಿದ ಮೇಲೆ ಅವನ ಮುಖ ಇಳಿಯಿತು. ಮತ್ತೆ ವಯರು ಸುತ್ತತೊಡಗಿದ.

*

ಮದುವೆಯಾದ ಮೂರನೆಯ ವಾರ ಉಲ್ಲಾಸ ಅವಳ ಫೋನನ್ನು ಸಿದ್ದಾಪುರದ ತನ್ನ ರಿಪೇರಿ ಅಂಗಡಿಗೆ ಒಯ್ದಿದ್ದ. ಕಂಪನಿಯವರು ಹಾಕಿಕೊಟ್ಟದ್ದನ್ನೆಲ್ಲ ಅಳಿಸಿ, ಬೇರೆಯದೇ ಒಂದು ಆಪರೇಟಿಂಗ್ ಸಿಸ್ಟಂ ತುಂಬಿ ಸಂಜೆ ತಂದುಕೊಟ್ಟ. ತೆರೆದರೆ ಕಪ್ಪು ಪರದೆ, ನಾಲ್ಕೇ ಗುಂಡಿ.

“ಇದ್ರಲ್ಲಿ ನಿನ್ನನ್ನ ಯಾರೂ ನೋಡೋದಿಲ್ಲ. ಎಲ್ಲಿ ಹೋದೆ, ಎಂತ ತಗಂಡೆ, ಯಾರ ಹತ್ರ ಎಷ್ಟು ಹೊತ್ತು ಮಾತಾಡಿದೆ, ಒಬ್ರಿಗೂ ಗೊತ್ತಾಗೋದಿಲ್ಲ.”

“ನನ್ನ ನೋಡಿ ಯಾರಿಗೆ ಎಂತ ಆಗ್ಬೇಕು?”

“ಎಲ್ರೂ ಹೀಗೇ ಕೇಳ್ತಾರೆ. ಹಾಗಾದ್ರೆ ಬಚ್ಚಲಿಗೆ ಬಾಗಿಲು ಎಂತಕ್ಕೆ?”

ಅವಳು ನಕ್ಕಳು. ಧಾರವಾಡದಲ್ಲಿ ಇತಿಹಾಸ ಎಂ.ಎ. ಮಾಡಿದವಳು. ವಾದ ಮಾಡುವ ಗಂಡ ಸಿಕ್ಕಿದನೆಂದು ಆ ದಿನ ಅವಳಿಗೆ ಖುಷಿಯೇ ಆಗಿತ್ತು. ಪಾಸ್‌ವರ್ಡಿಗಾಗಿ ಇಬ್ಬರೂ ನೆಲದ ಮೇಲೆ ಕೂತು ದಾಳ ಉರುಳಿಸಿದರು. ಬಿದ್ದ ಸಂಖ್ಯೆಗೆ ತಕ್ಕಂತೆ ಅವನು ನಿಘಂಟಿನ ಪುಟ ತೆಗೆದು ಒಂದೊಂದು ಪದ ಆರಿಸಿದ. ಗೊಬ್ಬರ, ಕಿಟಕಿ, ನವಿಲು, ಸಾಬೂನು, ಮಂಗಳವಾರ, ಉಗುರು. ಆರೂ ಪದ ಅವಳು ಬಾಯಿಪಾಠ ಮಾಡಿದಳು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಫೋನು ಸದ್ದು ಮಾಡದಂತೆಯೂ ಅವನೇ ಮಾಡಿಟ್ಟ. “ನೆಮ್ಮದಿ ನಿಂಗೆ,” ಅಂದ.

ಬ್ಯಾಂಕಿನ ಆ್ಯಪು ಅದರಲ್ಲಿ ತೆರೆಯಲಿಲ್ಲ. ‘ಈ ಫೋನು ಸುರಕ್ಷಿತವಲ್ಲ’ ಎಂದು ಬರೆದು ಮುಚ್ಚಿಕೊಂಡಿತು. ಅವನು ಹೊಟ್ಟೆ ಹಿಡಿದು ನಕ್ಕ. ಅವಳು ಚಿಲ್ಲರೆ ಒಯ್ಯುವುದು ರೂಢಿಸಿಕೊಂಡಳು. ಶಿರಸಿಯಲ್ಲಿ ಅವಳು ಅತಿಥಿ ಉಪನ್ಯಾಸಕಿಯಾಗಿದ್ದ ಕಾಲೇಜಿನಲ್ಲಿ ಸೂಚನೆಗಳೆಲ್ಲ ವಾಟ್ಸಾಪಿನಲ್ಲಿ ಬರುತ್ತಿದ್ದವು. ಅವಳೊಬ್ಬಳಿಗೆ ಜವಾನ ಚೀಟಿ ತಂದುಕೊಡಬೇಕಿತ್ತು.

“ಬರ್ರಿ ಮೇಡಂ,” ಬನವಾಸಿ ಕಡೆಯ ಜ್ಯೋತಿ ಸ್ಟಾಫ್ ರೂಮಿನಲ್ಲಿ ಕಾಡುತ್ತಿದ್ದಳು. “ಇನ್ನ ನಿಮಗ ಒಂದು ಪಾರಿವಾಳ ಸಾಕಬೇಕ್ರಿ ನಾವು. ಕಾಲಿಗೆ ಚೀಟಿ ಕಟ್ಟಿ ಬಿಡ್ತೀವಿ.”

ಪ್ರತಿಭಾ ಗಂಡನ ಮಾತುಗಳನ್ನೇ ತಿರುಗಿಸಿ ಹೇಳಿ ವಾದ ಮಾಡುತ್ತಿದ್ದಳು. ಉಲ್ಲಾಸನದೂ ಅಂಥದೇ ಕಪ್ಪು ಪರದೆಯ ಫೋನು. ಅಂಗಡಿಯಿಂದ ಬಂದವನು ಅದನ್ನು ಅವಳ ಫೋನಿನ ಪಕ್ಕ ಗೂಡಿನಲ್ಲಿ ಇಡುತ್ತಿದ್ದ. ಎರಡೂ ಸುಮ್ಮನೆ ಇರುತ್ತಿದ್ದವು.

*

ಅವನು ಸತ್ತ ಬುಧವಾರ ಅವಳ ಚೀಲದೊಳಗೆ ಹನ್ನೊಂದು ಕರೆಗಳು ಸದ್ದಿಲ್ಲದೆ ಬಂದು ಹೋಗಿದ್ದವು. ಆರು ಕರೆ ಒಂದೇ ನಂಬರಿನವು. ಅವಳಿಗೆ ಗುರುತಿಲ್ಲದ ನಂಬರು; ಅದು ಅಂಗಡಿಯಲ್ಲಿದ್ದ ಹೊನ್ನನ ಫೋನಿನದೆಂದು ಆಮೇಲೆ ತಿಳಿಯಿತು.

ನಾಲ್ಕು ಗಂಟೆಯ ಸಿದ್ದಾಪುರ ಬಸ್ಸಿನಲ್ಲಿ ಪಕ್ಕ ಕೂತಿದ್ದವಳು ಅವರೂರಿನ ರಕ್ಷಿತಾ. ಫೋನು ನೋಡುತ್ತಿದ್ದವಳು ತಲೆಯೆತ್ತಿದಳು.

“ಪ್ರತಿಭಕ್ಕಾ, ಉಲ್ಲಾಸಣ್ಣಂಗೆ ತಲೆ ಸರಿ ಇದೆಯಾ? ಊರ ಗ್ರೂಪಲ್ಲಿ ಹೀಗೆಲ್ಲ ತಮಾಷೆ ಮಾಡ್ತಾರಾ?”

“ಅವ್ರು ಗ್ರೂಪಲ್ಲಿ ಇಲ್ಲ ಮಾರಾಯ್ತಿ. ಅವ್ರ ಹತ್ರ ವಾಟ್ಸಾಪೇ ಇಲ್ಲ.”

“ಎಂತ ಹೇಳ್ತೀರಿ ನೀವು! ಬೆಳಗಾದ್ರೆ ಮೊದಲ ಶುಭೋದಯ ಅವ್ರದ್ದೇ. ಇಲ್ನೋಡಿ.”

ದುಂಡಗಿನ ಚೌಕಟ್ಟಿನೊಳಗೆ ಉಲ್ಲಾಸ ನಗುತ್ತಿದ್ದ. ದೀಪಾವಳಿಗೆ ಅವಳೇ ತಂದುಕೊಟ್ಟ ಹಳದಿ ಅಂಗಿ. ಅದರ ಪಕ್ಕ: ‘ಉಲ್ಲಾಸ ತೀರಿಕೊಂಡಿದ್ದಾನೆ. ಸಂಜೆ ಆರಕ್ಕೆ ಕೋಲಸಿರ್ಸಿಯಲ್ಲಿ ಸಂಸ್ಕಾರ.’ ಬರೆದವನು ತನ್ನ ಹೆಸರು ಹಾಕುವುದನ್ನು ಮರೆತಿದ್ದ. ಕೆಳಗೆ ಯಾರೋ ನಗುವ ಗೊಂಬೆ ಹಾಕಿದ್ದರು. ಇನ್ಯಾರೋ, ‘ಊಟಕ್ಕೆ ಎಂತ ಮಾಡ್ಸಿದ್ಯ ಮಾರಾಯಾ?’ ಎಂದಿದ್ದರು.

ಅವರಿಬ್ಬರೂ ನೋಡುತ್ತಿದ್ದಂತೆ ಅದೇ ಹಳದಿ ಅಂಗಿಯ ಪಕ್ಕ ಇನ್ನೊಂದು ಸಾಲು ಬಂತು. ‘ನಿಜ. ನಾನು ಸತೀಶ. ನನ್ನದ್ರಲ್ಲಿ ಚಾರ್ಜಿಲ್ಲ, ಅಣ್ಣನ ಫೋನಿಂದ ಹಾಕ್ತಿದೇನೆ. ಅಂಗಡಿಲಿ ಹಾರ್ಟ್ ಅಟ್ಯಾಕ್ ಆಯ್ತು. ಅತ್ತಿಗೆ ಫೋನು ಎತ್ತುತಾ ಇಲ್ಲ.’

ರಕ್ಷಿತಾ ಅವಳ ಕೈ ಹಿಡಿದುಕೊಂಡಳು. ಸಿದ್ದಾಪುರ ಬರುವವರೆಗೂ ಬಿಡಲಿಲ್ಲ. ಪ್ರತಿಭಾ ಆ ಹಳದಿ ಅಂಗಿಯನ್ನೇ ನೋಡುತ್ತಿದ್ದಳು. ಸಾಲುಗಳನ್ನು ಅವಳು ಓದಿದ್ದಳು. ಅರ್ಥ ಇನ್ನೂ ತಲುಪಿರಲಿಲ್ಲ.

ಅಂಗಳದಲ್ಲಿ ಹೆಣ ಮಲಗಿಸಿದ್ದಾಗ ಜನ ಅವಳಿಗೆ ಸಮಾಧಾನ ಹೇಳಿದರು.

“ನನ್ನ ಮೊಮ್ಮಗಳ ಫೋಟೋ ಹಾಕಿದ್ರೆ ಮೊದಲು ಹೂವು ಕಳ್ಸೋನು ಅವನೇ,” ಎಂದರು ನಿವೃತ್ತ ಪೋಸ್ಟ್‌ಮನ್ ಅನಂತಮೂರ್ತಿ.

“ಕರೆಂಟು ಹೋಗೋದು ಅವನು ಹೇಳಿದ್ರೇ ನಂಬಿಕೆ ನಮಗೆ,” ಎಂದ ಪಕ್ಕದ ಮನೆಯ ಮಂಜ. “ಎಂತಾ ಜೋಕು ಹಾಕ್ತಿದ್ದ ಮಾರಾಯ್ರೇ! ನಿಮಗೂ ಕಳಸ್ತಿದ್ದ ಅಲ್ದಾ, ಅತ್ತಿಗೆ?”

ಪ್ರತಿಭಾ ಹೂಂ ಎಂದಳು. ಅವಳಿಗೆ ಪರಿಚಯವೇ ಇಲ್ಲದ ಒಬ್ಬ ಮನುಷ್ಯನನ್ನು ಅವರೆಲ್ಲ ಸೇರಿ ಹೊಗಳುತ್ತಿದ್ದರು. ಅವನು ಮನೆಯಲ್ಲಿ ಜೋಕು ಹೇಳಿದ್ದು ಅವಳಿಗೆ ನೆನಪಿರಲಿಲ್ಲ.

*

ಹೊನ್ನನ ಫೋನು ಕೊಟ್ಟು ಬರಲು ಹೊರಟು, ಶಿರಸಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿ ಕೂತ ಮೇಲೆ ಅವಳು ಅದನ್ನು ತೆಗೆದಳು. ನೋಡಬೇಕೆಂದಿರಲಿಲ್ಲ. ಬೆರಳು ಮೇಲಿಂದ ಕೆಳಗೆ, ಆಮೇಲೆ ಬಲಕ್ಕೆ ಹೋಯಿತು.

ಗಿರಾಕಿಗಳು, ಡಿಸ್‌ಪ್ಲೇಗಳ ಚಿತ್ರಗಳು, ಶುಭೋದಯಗಳು. ಹುಡುಕುವ ಜಾಗದಲ್ಲಿ ಅವಳು ತನ್ನ ಹೆಸರು ಬರೆದಳು. ಒಂದೇ ಸಂದೇಶ ಬಂತು. ಎರಡು ವರ್ಷ ಹಿಂದಿನದು.

ಆಗ ಯಲ್ಲಾಪುರ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಕಾಯಂ ಹುದ್ದೆ ಖಾಲಿ ಇತ್ತು. ಅರ್ಜಿಯಲ್ಲಿ ವಾಟ್ಸಾಪ್ ನಂಬರು ಕೇಳಿದ್ದರು. “ಕೊಡು, ಅಂಗಡಿ ಕಂಪ್ಯೂಟರಲ್ಲಿ ತುಂಬ್ತೆ, ಯಾರದಾದ್ರೂ ನಂಬರು ಹಾಕಿದ್ರಾಯ್ತು,” ಎಂದು ಉಲ್ಲಾಸನೇ ಒಯ್ದಿದ್ದ. ಕರೆ ಬರಲಿಲ್ಲ. ತಿಂಗಳು ಕಾದಳು. “ಯಾರನ್ನೋ ಮೊದಲೇ ನೋಡಿಟ್ಟಿರ್ತಾರೆ, ಬಿಡು,” ಎಂದು ಅವನು ಆ ಸಂಜೆ ಬನ್ಸ್ ಕಟ್ಟಿಸಿಕೊಂಡು ಬಂದಿದ್ದ. ಅವಳು ಎರಡು ತಿಂದಿದ್ದಳು.

‘ಶ್ರೀಮತಿ ಪ್ರತಿಭಾ ಅವರಿಗೆ: ಸಂದರ್ಶನ ದಿನಾಂಕ ಹದಿನಾಲ್ಕು, ಬೆಳಿಗ್ಗೆ ಹತ್ತೂವರೆ. ಮೂಲ ದಾಖಲೆ ತರುವುದು.’

ಅದರ ಕೆಳಗೆ, ನಾಲ್ಕು ನಿಮಿಷದ ನಂತರ: ‘ಅವರಿಗೆ ಆಸಕ್ತಿ ಇಲ್ಲ. ಧನ್ಯವಾದಗಳು.’ ಕೈಮುಗಿದ ಗೊಂಬೆ.

ನಾಲ್ಕು ನಿಮಿಷ. ಅವಳು ಆ ಎರಡು ಸಮಯಗಳನ್ನು ಮತ್ತೆ ಮತ್ತೆ ನೋಡಿದಳು. ಅಷ್ಟರಲ್ಲಿ ಗಿರಾಕಿ ಬಂದಿದ್ದನೋ, ಅವನು ಯೋಚಿಸಿದ್ದನೋ. ಕೇಳಲು ಯಾರೂ ಇರಲಿಲ್ಲ.

ಅವಳು ಕೆಳಗೆ ಬರೆದಳು: ‘ನಾನು ಬರುತ್ತಿದ್ದೆ.’ ಕಳಿಸಿದಳು. ಅದು ಹಳದಿ ಅಂಗಿಯವನ ಮಾತಾಗಿಯೇ ಹೋಯಿತು.

“ಮಂಚಿಕೇರಿ, ಮಂಚಿಕೇರಿ! ಇಳಿಯವ್ರು ಬನ್ನಿ!” ಕಂಡಕ್ಟರ್ ಕೂಗಿದ. ಬಸ್ಸು ಅವಳನ್ನು ಇಳಿಸಿ ಯಲ್ಲಾಪುರದ ಕಡೆಗೆ ಹೋಯಿತು.

ಹೊನ್ನ ಗಿರಣಿ ನಿಲ್ಲಿಸಿ ಹೊರಬಂದ. ರೆಪ್ಪೆಯ ಮೇಲೂ ಅಕ್ಕಿಹಿಟ್ಟು.

“ಅಯ್ಯ, ನೀವ್ಯಾಕೆ ಬರಕ್ಕೆ ಹೋದ್ರಿ? ಹೇಳಿದ್ರೆ ನಾನೇ ಬರ್ತಿದ್ದೆ. ಕೂತ್ಕಳಿ, ನೀರು ತರ್ತೆ.”

“ಬೇಡ. ನಿಮ್ಮ ಫೋನು.”

“ಇದಾ! ಅವನ ಫೋಟೋ ಎಲ್ಲ ಇರಬೇಕಲ ಇದ್ರಲ್ಲಿ. ನೀವೇ ಇಟ್ಕಳಿ ಅತ್ತಿಗೆ. ನಂಗೆ ಬ್ಯಾಡ.”

“ನಂದಲ್ಲ ಅದು.”

ಅವನು ತಬ್ಬಿಬ್ಬಾಗಿ ಕೈ ಚಾಚಿದ. “ಬಂದಾಗೆಲ್ಲ ನಿಮ್ಮ ಸುದ್ದಿನೇ. ನನ್ನ ಹೆಂಡ್ತಿ ಫೋನು ಕಿಲ್ಲೆ ಇದ್ದಂಗೆ, ಯಾರೂ ಒಳಗೆ ಹೋಗಕ್ಕಾಗಲ್ಲ ಅಂತಿದ್ದ.” ನಗಲು ಹೋಗಿ, ಫೋನನ್ನು ತಿರುಗಿಸಿ ನೋಡಿದ. “ಎಲ್ಲ ಅಳಿಸಿ ಕೊಟ್ರಾ?”

“ಇಲ್ಲ. ಇದ್ದ ಹಾಗೇ ಇದೆ. ಲಾಕು...”

ಹೇಳಬೇಕಾಗಲಿಲ್ಲ. ಹೊನ್ನನ ತೋರುಬೆರಳು ಆಗಲೇ ಗಾಜಿನ ಮೇಲೆ ಹರಿದಿತ್ತು. ಪರದೆ ಬೆಳಗಿತು. ಯಾರೂ ಮುಟ್ಟದ್ದಕ್ಕೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಯಿತು. ಕಪ್ಪು ಗಾಜಿನ ಮೇಲೆ ಮೇಲಿಂದ ಕೆಳಗೆ, ಆಮೇಲೆ ಬಲಕ್ಕೆ, ಅಕ್ಕಿಹಿಟ್ಟಿನ ಬಿಳಿ ಗೆರೆ ಮಾತ್ರ ಉಳಿಯಿತು.