ಕರಿಮೂತಿ ಟಗರಿನ ರಕ್ತ

ಎರಡು ಸಲ ಸರಾಗವಾಗಿ ಬಂದ ಪ್ರಯೋಗ ಮೂರನೆಯ ಸಲ ಕೈಕೊಟ್ಟಾಗ ಶಿವರಂಜಿನಿ ಮೊದಲು ಬೈದದ್ದು ಇನ್‌ಕ್ಯುಬೇಟರನ್ನು. ಪಾಪ, ಅದರದೇನೂ ತಪ್ಪಿರಲಿಲ್ಲ.

ಚಾಮರಾಜನಗರದ ಲ್ಯಾಬಿನಲ್ಲಿ ಪಿಎಚ್.ಡಿ.ಗೆಂದು ಅವಳು ಮಾಡುತ್ತಿದ್ದ ಕೆಲಸ ಇಷ್ಟು: ಇಲಿಯ ಹೊಟ್ಟೆಯೊಳಗಿನ ಗುಲ್ಮದಿಂದ ತೆಗೆದ, ರೋಗ ತಡೆಯುವ ಬಿ ಕೋಶಗಳನ್ನು ತಟ್ಟೆಯಲ್ಲಿ ಸಾಕಿ, ಅವುಗಳ ಜೊತೆ ಕುರಿಯ ಕೆಂಪು ರಕ್ತಕಣಗಳನ್ನು ಬಿಡುವುದು. ಹೊರಗಿನ ಕಣ ಬಂತೆಂದು ಬಿ ಕೋಶಗಳು ಪ್ರತಿಕಾಯ ತಯಾರಿಸಬೇಕು. ಆದರೆ ತಾವಾಗಿ ಅವು ಮಿಸುಕುವುದಿಲ್ಲ. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬೆಳೆದು ಬಂದ ಟಿ ಕೋಶಗಳು ಜೊತೆಗಿದ್ದರಷ್ಟೇ ಕೆಲಸಕ್ಕೆ ಇಳಿಯುತ್ತವೆ. ಟಿ ಕೋಶಗಳು ಪ್ರತಿಕಾಯ ಮಾಡುವುದಿಲ್ಲ, ಮಾಡಿಸುತ್ತವೆ. ಕೆಲಸ ನಡೆದ ಕಡೆ ರಕ್ತಕಣಗಳು ಒಡೆದು ತಟ್ಟೆಯ ಕೆಂಪಿನಲ್ಲಿ ಸಣ್ಣ ತಿಳಿ ಚುಕ್ಕೆಗಳು ಮೂಡುತ್ತವೆ. ಈ ಸಲ ಟಿ ಕೋಶ ಹಾಕಿದ ತಟ್ಟೆಗಳಲ್ಲೂ ಒಂದು ಚುಕ್ಕೆಯೂ ಇರಲಿಲ್ಲ.

ಗೈಡ್ ಡಾ. ಸ್ವರ್ಣಲತಾ ಮುಲಾಜಿನ ಹೆಂಗಸಲ್ಲ. “ಇನ್ನೊಂದು ಸಲ ಮಾಡು. ಆಗಲೂ ಬರಲಿಲ್ಲ ಅಂದ್ರೆ ಮೊದಲು ಬಂದದ್ದನ್ನೂ ನಾನು ನಂಬೋದಿಲ್ಲ. ಬೇರೆ ವಿಷಯ ಹುಡುಕ್ಕೋಬೇಕಾಗುತ್ತೆ” ಎಂದುಬಿಟ್ಟರು.

ಎಲ್ಲವನ್ನೂ ಪರೀಕ್ಷಿಸಿದ ಮೇಲೆ ಅನುಮಾನ ಉಳಿದದ್ದು ರಕ್ತದ ಮೇಲೆ. ಎಲ್ಲ ಕುರಿಗಳ ರಕ್ತವೂ ತಟ್ಟೆಯಲ್ಲಿ ಒಂದೇ ಥರ ನಡೆಯುವುದಿಲ್ಲ. ಅದಕ್ಕೇ ಅವಳು ಮೊದಲೇ ನೋಡಿ, ಸರಿಯಾಗಿ ನಡೆದ ಭೀಮನಬೀಡಿನ ತನ್ನ ಮನೆಯ ಕರಿಮೂತಿ ಟಗರನ್ನೇ ಆರಿಸಿಕೊಂಡಿದ್ದಳು. ಅವ್ವ ಸುಂದ್ರಮ್ಮ ಹಿಡಿದುಕೊಟ್ಟರೆ, ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನ ಮಗ ಶಶಿಕುಮಾರ ರಕ್ತ ತೆಗೆದು, ಗುಂಡ್ಲುಪೇಟೆಯಲ್ಲಿ ಐಸ್ ಡಬ್ಬಿಯನ್ನು ಬಸ್ಸಿಗೆ ಹಾಕುತ್ತಿದ್ದ. ಅವನಿಗೆ ಫೋನ್ ಮಾಡಿದಳು.

“ಕರಿಮೂತೀದೇ ತಾನೆ ತಗ್ದಿದ್ದು?”

“ಇಲ್ಲ ಕಣಕ್ಕ, ಈ ಸಲ ದೊಡ್ಡವ್ವ ಬಿಳೀದ್ನ ಹಿಡ್ಕೊಟ್ರು.”

ಸಂಜೆಯ ಬಸ್ಸಿಗೇ ಶಿವರಂಜಿನಿ ಊರಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಜಗಳಕ್ಕೆ ನಿಂತಳು.

“ಯಾಕವ್ವ ಹಿಂಗ್ ಮಾಡ್ದೆ?”

“ಅದು ಅರಕೆ ಟಗರು ಕಣಮ್ಮಿ” ಎಂದಳು ಸುಂದ್ರಮ್ಮ. “ನಿನ್ ಕೆಲ್ಸ ಗೆದ್ರೆ ಕೊಡ್ತೀನಿ ಅಂತ ಓದ್ ತಿಂಗ್ಳು ಮಾರಮ್ಮುಂಗೆ ಬುಟ್ಬುಟ್ಟಿವ್ನಿ. ಅಮ್ಮುಂಗೆ ಬುಟ್ಟಿದ್ ಪ್ರಾಣಿ ಮೈಗೆ ಸೂಜಿ ತಾಕುಸ್ಬೌದಾ? ರಕ್ತ ಯಾವ್ದಾದ್ರೇನು ಅಂತ ಬಿಳೀದ್ನ ಕೊಟ್ಟೆ.”

ಶಿವರಂಜಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸ ಗೆಲ್ಲಲೆಂದು ಹೊತ್ತ ಹರಕೆಯೇ ಕೆಲಸಕ್ಕೆ ಕಲ್ಲು ಹಾಕಿತ್ತು.

“ಅದ್ರ ರಕ್ತವೇ ಬೇಕು ಕಣವ್ವ. ಇಲ್ದೆ ಓದ್ರೆ ಇಷ್ಟು ವರ್ಷದ್ದು ನೀರ್ ಪಾಲಾಯ್ತದೆ. ಗೆದ್ರೂ ಕಷ್ಟವೇಯ, ನೀವು ಟಗರ್ನ ಕಡುದ್ಬುಟ್ರೆ ಮುಂದುಕ್ಕೆ ರಕ್ತ ಎಲ್ಲಿಂದ ತರ್ಲಿ?”

“ಮಾತಿಗ್ ತಪ್ಪುದ್ರೆ ಆಯಮ್ಮ ಸುಮ್ನೆ ಬುಟ್ಟಾಳಾ? ನಿಂಗೇನಾರ ಆದ್ರೆ?” ಸುಂದ್ರಮ್ಮನಿಗಿದ್ದದ್ದು ಹಟವಲ್ಲ, ಬರೀ ಭಯ. ಅದು ಮಗಳಿಗೂ ಗೊತ್ತಿತ್ತು, ಆದರೂ ಸಿಟ್ಟಿನಲ್ಲೇ ಮಲಗಿದಳು.

ಬೆಳಿಗ್ಗೆ ಎದ್ದಾಗ ಅವ್ವ ಮನೆಯಲ್ಲಿರಲಿಲ್ಲ. ಬಿಸಿಲೇರಿದ ಮೇಲೆ ಬಂದವಳು ತಲೆ ತುಂಬ ಸೆರಗು ಹೊದ್ದಿದ್ದಳು. ನೆಟ್ಟಗೆ ಕೊಟ್ಟಿಗೆಗೆ ಹೋಗಿ ಕರಿಮೂತಿಯ ಕತ್ತು ತಬ್ಬಿಕೊಂಡು, “ಶಶೀನ ಕರಿ” ಎಂದಳು. ಟಗರು ಕೊಸರಿದ ರಭಸಕ್ಕೆ ಸೆರಗು ಜಾರಿತು. ನುಣ್ಣಗೆ ಬೋಳಿಸಿದ ತಲೆಗೆ ಗಂಧ ಬಳಿದಿತ್ತು. ಮೊಣಕಾಲು ಮುಟ್ಟುತ್ತಿದ್ದ ಜಡೆ ಅವಳದು. ಗಂಡ ಬದುಕಿರುವ ಹೆಂಗಸು ಪೂರ್ತಿ ಮುಡಿ ಕೊಡುವುದೆಂದರೆ ಅವರ ಕೇರಿಯಲ್ಲಿ ಸಣ್ಣ ಮಾತಾಗಿರಲಿಲ್ಲ.

“ಅವ್ವ!”

“ಟಗರು ಬದ್ಲಿಗೆ ಇದ್ನೇ ತಗೊ ಅಂತ ಏಳ್ಬುಟ್ಟೆ. ಆಯಮ್ಮ ಒಪ್ಕೊಂಡು ಬಲಗಡೆ ಹೂ ಕೊಟ್ಳು. ನೀ ನಿಂತ್ಕೊಂಡ್ ನೋಡ್ಬ್ಯಾಡ, ಬಾಟ್ಲಿ ತಾ ಓಗು.”

ಬಾಟಲಿ ತರಲು ಒಳಗೆ ಹೋದ ಶಿವರಂಜಿನಿ ಬಾಗಿಲ ಹಿಂದೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ನಿನ್ನೆ ಆಡಿದ ಮಾತಿಗೆಲ್ಲ ಅವಳಿಗೆ ನಾಚಿಕೆಯಾಯಿತು.

ಮುಂದಿನ ವಾರ ತಟ್ಟೆಗಳನ್ನು ದೀಪದ ಮುಂದೆ ಹಿಡಿದಾಗ, ಟಿ ಕೋಶ ಇಲ್ಲದ ಕಡೆ ಬರೀ ಕೆಂಪು, ಇದ್ದ ಕಡೆ ತುಂಬ ಚುಕ್ಕೆಗಳು. ಡಾ. ಸ್ವರ್ಣಲತಾ ಒಂದೊಂದನ್ನೂ ನೋಡಿ, “ಸರಿ, ಮುಂದುವರಿಸು” ಎಂದರು. ಶಿವರಂಜಿನಿ ಹೊರಗೆ ಬಂದು ಮನೆಗೆ ಫೋನ್ ಮಾಡಿದಳು.

“ಬಂತವ್ವ” ಎಂದಳು.

ಆ ಕಡೆ ಸುಂದ್ರಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಇನ್ನೊಂದ್ ಕಿತ ಕರಿಮೂತೀನ ಯಾವತ್ ಇಡ್ಕೊಡ್ಬೇಕು, ಏಳು.”