ಹನ್ನೆರಡು ವೋಲ್ಟಿನ ಸ್ನಾನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಕಟ್ಟಡದವರೆಲ್ಲ ಹೇಳುತ್ತಾರೆ. ಸುಳ್ಳು. ಮೂಗಿನ ತುದಿಗೆ ಬರುವಷ್ಟು ಹೊತ್ತು ಅದು ಎಂದೂ ಕಾದದ್ದಿಲ್ಲ. ದರ್ಜಿ ಕೆಲಸಕ್ಕೆ ತಾಳ್ಮೆ ಬೇಕು ಅನ್ನುವುದು ನಿಜ, ಆದರೆ ನನ್ನಲ್ಲಿರುವ ತಾಳ್ಮೆಯೆಲ್ಲ ಬಟ್ಟೆಗೇ ಖರ್ಚಾಗಿಹೋಗುತ್ತದೆ, ಮನುಷ್ಯರಿಗೆ ಉಳಿಯುವುದಿಲ್ಲ. ಇಂಥ ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡವರು ಒಬ್ಬರೇ, ನನ್ನ ಅತ್ತಿಗೆ.

ಅಮ್ಮ ತೀರಿಹೋದಾಗ ನನಗೆ ಆರು ವರ್ಷ. ಅಣ್ಣನನ್ನು ಮದುವೆಯಾಗಿ ಆಗಷ್ಟೇ ಬಂದಿದ್ದ ಅತ್ತಿಗೆಗೆ ಇಪ್ಪತ್ತು. ತುತ್ತು ಮಾಡಿ ಬಾಯಿಗಿಟ್ಟವರು, ಸೂಜಿಗೆ ದಾರ ಪೋಣಿಸಲು, ಹೊಲಿಗೆ ಯಂತ್ರ ತುಳಿಯಲು ಕಲಿಸಿದವರು ಎಲ್ಲ ಅವರೇ. ಅಣ್ಣ ಹೋಗಿ ಏಳು ವರ್ಷವಾಯಿತು. ನಾನು ಮದುವೆಯಾಗಲಿಲ್ಲ. ಇವನ ಬಾಯಿಗೆ ಹೆದರಿ ಒಂದು ಹೆಣ್ಣೂ ಈ ಮೆಟ್ಟಿಲು ಹತ್ತಲಿಲ್ಲ ಎಂದು ಅತ್ತಿಗೆ ನಗೆಯಾಡುತ್ತಾರೆ. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ನಾವಿಬ್ಬರೇ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಅವರ ಮಂಚ, ಪಕ್ಕದಲ್ಲಿ ಒಂದು ಬಚ್ಚಲು.

ಹೋದ ವರ್ಷ ಅತ್ತಿಗೆಯ ಎರಡೂ ಕೈಗಳಿಗೆ ವಾತ ಹಿಡಿಯಿತು. ಗೆಣ್ಣುಗಳು ಊದಿಕೊಂಡು ಬೆರಳು ಮಡಚದಂತಾದವು. ಲೋಟ ಎತ್ತುವುದೇ ಕಷ್ಟ, ಇನ್ನು ಚೊಂಬಿನಲ್ಲಿ ನೀರೆತ್ತಿ ತಲೆಯ ಮೇಲೆ ಸುರಿದುಕೊಳ್ಳುವುದು ದೂರದ ಮಾತು. ನಮ್ಮ ಬಚ್ಚಲಿಗೆ ನಲ್ಲಿಯೂ ಇಲ್ಲ. ಕೆಳಗಿನ ಅಂಗಳದಲ್ಲಿ ಬೆಳಿಗ್ಗೆ ಒಂದು ಗಂಟೆ ಹೊತ್ತು ನೀರು ಬರುತ್ತದೆ, ನಾನು ಹೊತ್ತು ತಂದು ನೀಲಿ ಡ್ರಮ್ಮಿಗೆ ತುಂಬಬೇಕು. ಪಕ್ಕದ ಮನೆಯಾಕೆ ವಾರಕ್ಕೆರಡು ಸಲ ಬಂದು ಸ್ನಾನ ಮಾಡಿಸಿ ಹೋಗುತ್ತಿದ್ದಳು. ಬಂಗಾರದಂಥ ಹೆಂಗಸು, ಆದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಪಾಪ, ಬೆನ್ನಿನ ಎಲುಬೆಲ್ಲ ಎಣಿಸಬಹುದು ಎಂದು ಅವಳು ಮೆಟ್ಟಿಲಲ್ಲಿ ಯಾರಿಗೋ ಮರುಗಿ ಹೇಳಿದ್ದು ಅತ್ತಿಗೆಯ ಕಿವಿಗೆ ಬಿತ್ತು.

ಅಂದಿನಿಂದ ನೆಪಗಳು ಶುರುವಾದವು. ಇವತ್ತು ಚಳಿ, ನಾಳೆ ತಲೆನೋವು. ವಾರಕ್ಕೆರಡು ಸಲದ ಸ್ನಾನ ಹದಿನೈದು ದಿನಕ್ಕೊಮ್ಮೆಗೆ ಇಳಿಯಿತು. ನಾನು ಎಂದಿನಂತೆ ರೇಗಿದೆ. ಅವರು ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು.

"ನೀನು ಬೈಯೋದು ಸರಿ ಕಣೋ. ಆದ್ರೆ ಅಷ್ಟು ಹೊತ್ತೂ ಕಣ್ಣು ಮುಚ್ಕೊಂಡು ಕೂತಿರ್ತೀನಿ. ಬಾಗಿಲು ಹಾಕ್ಕೊಂಡು, ನನ್ನ ಪಾಡಿಗೆ ನಾನು, ಒಂದೇ ಒಂದು ಸಲ ಸ್ನಾನ ಮಾಡಿದ್ರೆ ಸಾಕಾಗಿತ್ತು."

ಮೈದುನನಾದ ನಾನು ಆ ಬಚ್ಚಲಿನೊಳಗೆ ಮಾಡಬಹುದಾದದ್ದು ಏನೂ ಇರಲಿಲ್ಲ.

ಮರುದಿನವೇ ಹಳೆ ಸಾಮಾನಿನ ಸಂತೆಗೆ ಹೋದೆ. ಅಲ್ಲೊಂದು ಪುಟ್ಟ ಪಂಪು ಸಿಕ್ಕಿತು. ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ದೊಡ್ಡ ಗಾಡಿಗಳಲ್ಲಿ ಕೈತೊಳೆಯುವ ತೊಟ್ಟಿಗೆ ಇಂಥದನ್ನು ಹಾಕುತ್ತಾರಂತೆ. ಡ್ರಮ್ಮಿನಿಂದ ನೀರೆಳೆದು ಷವರಿಗೆ ಕೊಡುತ್ತದೆ, ಗಾಡಿಯ ಬ್ಯಾಟರಿಯಲ್ಲಿ ಓಡುತ್ತದೆ ಎಂದ ಅಂಗಡಿಯವನು. ನಮ್ಮಲ್ಲಿ ಗಾಡಿ ಎಲ್ಲಿಂದ ಬರಬೇಕು? ಪಂಪಿನ ಮೈಮೇಲೆ ಹನ್ನೆರಡು ವೋಲ್ಟ್ ಎಂದು ಬರೆದಿತ್ತು. ನನ್ನ ರೇಡಿಯೋದ ಅಡಾಪ್ಟರಿನ ಮೇಲೂ ಹನ್ನೆರಡು ವೋಲ್ಟ್ ಎಂದೇ ಇತ್ತು. ಅಳತೆ ಕೂಡಿಬಂತಲ್ಲ ಎಂದು ಹಿಗ್ಗುತ್ತ ಮನೆಗೆ ಬಂದೆ.

ಜೋಡಿಸಿದೆ. ಪಂಪು ಗುಂಯ್ ಎಂದು ನರಳಿ ನಿಂತಿತು. ಅಡಾಪ್ಟರು ಸುಟ್ಟ ವಾಸನೆ ಬಿಟ್ಟಿತು. ಎರಡನೆಯದು ತಂದೆ, ಅದೂ ಅಷ್ಟೇ. ಮೂರನೆಯದು ಅಂಗೈ ಸುಟ್ಟಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆ ಹೊತ್ತಿಗೆ ನನ್ನ ಬುದ್ಧಿ ನೆಲಕ್ಕೇ ಇಳಿದಿತ್ತು. ಈ ಅಡಾಪ್ಟರುಗಳಿಗೆ ತಾಕತ್ತಿಲ್ಲ, ಗೋಡೆಯ ಕರೆಂಟಿಗೇ ನೇರವಾಗಿ ಕೊಟ್ಟರಾಯಿತು ಎಂದುಕೊಂಡೆ. ಹೊಲಿಗೆ ಯಂತ್ರದ ಮೋಟಾರು ಇಪ್ಪತ್ತು ವರ್ಷದಿಂದ ಗೋಡೆಯ ಕರೆಂಟಿನಲ್ಲೇ ಓಡುತ್ತಿದೆ, ಒಂದು ದಿನವೂ ತಕರಾರು ಮಾಡಿಲ್ಲ. ಅದು ಮೋಟಾರು, ಇದೂ ಮೋಟಾರು. ಬಟ್ಟೆ ಕತ್ತರಿಸುವ ಕತ್ತರಿಯಿಂದಲೇ ವೈರಿನ ಸಿಪ್ಪೆ ಸುಲಿದು, ಬರಿಗಾಲಲ್ಲಿ, ಒದ್ದೆ ಬಚ್ಚಲಲ್ಲಿ ನಿಂತೆ.

ಅತ್ತಿಗೆ ಬಾಗಿಲಲ್ಲಿ ನಿಂತು ಬೇಡ ಎಂದರು. ನಾನು ಕೇಳಲಿಲ್ಲ. ಬೇಡವೋ ಎಂದರು. ಸುಮ್ಮನಿರಿ ಎಂದು ಗದರಿದೆ. ಅವರು ಅಲ್ಲಿಂದ ಹೋದರು. ಬೇಸರವಾಗಿ ಮಲಗಲು ಹೋದರೇನೋ ಅಂದುಕೊಂಡೆ. ಆದರೆ ಅವರು ಮೆಟ್ಟಿಲಿನ ಕಂಬಿಯನ್ನೂ ಹಿಡಿಯಲಾಗದ ಆ ಕೈಗಳನ್ನಿಟ್ಟುಕೊಂಡು, ಗೋಡೆಗೆ ಭುಜ ಒತ್ತಿಕೊಂಡು, ಮೂರು ಮಹಡಿ ಇಳಿದು ಟೆಸ್ಟರ್‌ನನ್ನು ಕರೆಯಲು ಹೋಗಿದ್ದರು.

ಟೆಸ್ಟರ್ ಎಂದರೆ ಕೆಳಗಿನ ರಿಪೇರಿ ಅಂಗಡಿಯವನು. ಅಂಗಿಯ ಜೇಬಿನಲ್ಲಿ ಕರೆಂಟು ನೋಡುವ ಟೆಸ್ಟರ್ ಇಲ್ಲದೆ ಅವನನ್ನು ಕಂಡವರಿಲ್ಲ, ಹಾಗಾಗಿ ಆ ಹೆಸರು. ನನಗೂ ಅವನಿಗೂ ನಾಲ್ಕು ವರ್ಷದಿಂದ ಮಾತಿಲ್ಲ. ಮಗಳ ಮದುವೆಗೆಂದು ಹೊಲಿಸಿದ ಪ್ಯಾಂಟು ಒಂದು ಗೇಣು ಗಿಡ್ಡವಾಯಿತು ಎಂದು ಅವನು ಕೂಗಾಡಿದ್ದ. ನಿನ್ನ ಕಾಲೇ ಬೆಳೆದಿದೆ ಎಂದು ನಾನು ಹೇಳಿದ್ದೆ. ತಪ್ಪು ನನ್ನದೇ. ಆದರೆ ಒಪ್ಪಿಕೊಳ್ಳಲು ಆಗ ಕೋಪ ಬಿಟ್ಟಿರಲಿಲ್ಲ, ಆಮೇಲೆ ನಾಚಿಕೆ ಬಿಡಲಿಲ್ಲ.

ವೈರನ್ನು ಪಂಪಿಗೆ ಸುತ್ತಿ ಮುಗಿಸಿ ನಾನು ಪ್ಲಗ್ಗಿನ ಕಡೆ ಕೈ ಚಾಚಿದ್ದೆ. ದೀಪ ಆರಿತು, ಫ್ಯಾನು ನಿಂತಿತು. ತಿರುಗಿ ನೋಡಿದರೆ ಮುಖ್ಯ ಸ್ವಿಚ್ಚನ್ನು ಕೆಳಗೆಳೆದು ಅದರ ಮೇಲೆ ಕೈ ಇಟ್ಟುಕೊಂಡೇ ಟೆಸ್ಟರ್ ಏದುಸಿರು ಬಿಡುತ್ತಿದ್ದ. ಅವನು ನನ್ನನ್ನು ಬೈಯಲಿಲ್ಲ. ಬಚ್ಚಲಿಗೆ ಬಂದು, ನನ್ನ ಕೈಯಲ್ಲಿದ್ದ ವೈರನ್ನು ತೆಗೆದುಕೊಂಡು, ಇಕ್ಕಳದಿಂದ ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡ. ನಾಲ್ಕು ವರ್ಷದ ಮೇಲೆ ಅವನಾಡಿದ ಮೊದಲ ಮಾತು ಇದು.

"ನೀನು ಸತ್ತಿದ್ರೆ ನಾಳೆ ಮರೀತಿದ್ದೆ. ಆ ನೀರಿಗೆ ಕೈ ಹಾಕೋರು ನಿಮ್ಮತ್ತಿಗೆ ಕಣಪ್ಪಾ."

ಅದು ನನಗೆ ಹೊಳೆದೇ ಇರಲಿಲ್ಲ. ಪಂಪನ್ನು ಅವನ ಕೈಗೆ ಕೊಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎಂದು ಅತ್ತಿಗೆ ಸಾವಿರ ಸಲ ಹೇಳಿದ್ದರು, ನಾನು ಒಂದು ಸಲವೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಟೆಸ್ಟರ್ ಪಂಪನ್ನು ತಿರುಗಿಸಿ ಅದರ ಹಿಂಬದಿ ತೋರಿಸಿದ. ವೋಲ್ಟಿನ ಪಕ್ಕದಲ್ಲೇ ಐದು ಆಂಪಿಯರ್ ಎಂದು ಬರೆದಿತ್ತು. ನನ್ನ ಅಡಾಪ್ಟರುಗಳ ಮೇಲೆ ಒಂದು ಎಂದಿತ್ತು. ಐದು ಜನ ಹೊರುವ ಹೊರೆಯನ್ನು ಒಬ್ಬನ ತಲೆಗೆ ಹೊರಿಸಿದ್ದೆ ನಾನು. ಎದೆಯ ಅಳತೆ ತೆಗೆದುಕೊಂಡು ಸೊಂಟ ಬಿಟ್ಟರೆ ಹೇಗೆ ದರ್ಜಿ, ಎಂದು ಕೇಳಿದ. ಪ್ಯಾಂಟಿನ ಮಾತು ಎತ್ತಲಿಲ್ಲ. ಎತ್ತಬಹುದಿತ್ತು, ಅವನ ಜಾಗದಲ್ಲಿ ನಾನಿದ್ದರೆ ಖಂಡಿತ ಎತ್ತುತ್ತಿದ್ದೆ.

ಮೂರು ದಿನ ಸಂಜೆ ಅಂಗಡಿ ಬೇಗ ಮುಚ್ಚಿ ಬಂದ. ಅಂಗಡಿಯೊಂದರ ಹಳೆಯ ದೀಪದ ಬೋರ್ಡಿನಿಂದ ಬಿಚ್ಚಿದ ತಗಡಿನ ಪೆಟ್ಟಿಗೆ ತಂದ. ಗೋಡೆಯ ಕರೆಂಟು ಒಂದು ಕಡೆ ಒಳಗೆ ಹೋದರೆ ಇನ್ನೊಂದು ಕಡೆ ಹನ್ನೆರಡು ವೋಲ್ಟಾಗಿ ಇಳಿದು ಬರುತ್ತದೆ, ಹತ್ತು ಆಂಪಿಯರಿನ ಹೊರೆ ತಾಳುತ್ತದೆ. ಪೆಟ್ಟಿಗೆಯನ್ನು ಬಚ್ಚಲಿನೊಳಗೆ ಇಡಲೇಕೂಡದು ಎಂದು, ನನ್ನ ಹೊಲಿಗೆ ಕೋಣೆಯಲ್ಲಿ ನೆತ್ತಿಗಿಂತ ಎತ್ತರದಲ್ಲಿ ಬಡಿದ. ಅದಕ್ಕೆ ಅರ್ತಿಂಗ್ ತಂತಿ ಎಳೆದ, ಒಂದು ಫ್ಯೂಸು ಹಾಕಿದ, ಕರೆಂಟು ದಾರಿ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತಾನೇ ಬಿದ್ದುಹೋಗುವ ಸ್ವಿಚ್ಚೊಂದನ್ನು ಮುಖ್ಯ ಸ್ವಿಚ್ಚಿನ ಪಕ್ಕ ಸೇರಿಸಿದ. ಗೋಡೆಯಲ್ಲಿ ತೂತು ಕೊರೆದು ಹನ್ನೆರಡು ವೋಲ್ಟಿನ ಎರಡು ತಂತಿಗಳನ್ನು ಮಾತ್ರ ಬಚ್ಚಲಿಗೆ ಬಿಟ್ಟ. ದುಡ್ಡಿನ ಮಾತು ತೆಗೆದಾಗ, ನಿಮ್ಮತ್ತಿಗೆ ಮೂರು ಮಹಡಿ ಇಳಿದು ಬಂದಿದ್ದಾರೆ, ಅಷ್ಟು ಸಾಕು ಎಂದುಬಿಟ್ಟ.

ಸ್ವಿಚ್ಚು ಒತ್ತುವುದು ಹೇಗೆ? ಅವರ ಬೆರಳಿಗೆ ಅದೂ ಆಗದು. ಇಲ್ಲಿ ಮಾತ್ರ ನನ್ನ ತಲೆ ಓಡಿತು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅತ್ತಿಗೆಯದು. ಟೆಸ್ಟರ್ ಹನ್ನೆರಡು ವೋಲ್ಟಿನ ಕಡೆಗೆ ಕಾಲಿನ ಸ್ವಿಚ್ಚೊಂದನ್ನು ಕೂಡಿಸಿದ, ನಾನು ಅದಕ್ಕೆ ಮಳೆಯಂಗಿಯ ಬಟ್ಟೆಯಲ್ಲಿ ಎರಡು ಪದರದ ಚೀಲ ಹೊಲಿದೆ. ತುಳಿದರೆ ನೀರು, ಬಿಟ್ಟರೆ ಇಲ್ಲ. ಸಾಬೂನು ಜಾರದಂತೆ ಟವೆಲ್ ಬಟ್ಟೆಯ ಕೈಗವಸೊಂದನ್ನು ಹೊಲಿದೆ, ಅಂಗೈ ಕಡೆ ಸಾಬೂನಿಗೆ ಜೇಬು. ಗೋಡೆಗೆ ಷವರು ಸಿಕ್ಕಿಸಿ, ಕೆಳಗೆ ಕೂರಲು ಸ್ಟೂಲಿಟ್ಟು, ಬಾಗಿಲಿಗೆ ಒಳಗಿನಿಂದ ಮೊಣಕೈಯಲ್ಲಿ ತಳ್ಳಿದರೆ ಬೀಳುವ ಮರದ ಅಗುಳಿ ಕೂಡಿಸಿದೆವು.

ನಾಲ್ಕನೇ ದಿನ ಭಾನುವಾರ. ಬೆಳಿಗ್ಗೆ ಡ್ರಮ್ಮಿಗೆ ಬಿಸಿನೀರು ಬೆರೆಸಿ ಹದ ಮಾಡಿಟ್ಟೆ. ಅತ್ತಿಗೆ ಸ್ಟೂಲು, ಷವರು, ಕೈಗವಸು ಒಂದೊಂದನ್ನೂ ನೋಡಿದರು. ಒಳಗೆ ಹೋದರು. ಅಗುಳಿ ಬಿದ್ದ ಸದ್ದು ಕೇಳಿಸಿತು. ನಾನೂ ಟೆಸ್ಟರೂ ಹೊಲಿಗೆ ಕೋಣೆಯಲ್ಲಿ ಕೂತೆವು.

ಪಂಪು ಸದ್ದು ಮಾಡಿತು. ನಿಂತಿತು. ಮತ್ತೆ ಮಾಡಿತು. ಟೆಸ್ಟರ್ ಎದ್ದು ಪೆಟ್ಟಿಗೆಯ ಮೈ ಮುಟ್ಟಿ ನೋಡಿ, ತಣ್ಣಗಿದೆ ಎಂದು ತಲೆಯಾಡಿಸಿದ. ಅವನು ಕೂತ ಮೇಲೆ ನಾನು ಅವನ ಮುಖ ನೋಡದೆ, ಆವತ್ತು ಅಳತೆ ತಪ್ಪಿದ್ದು ನಾನೇ ಎಂದೆ. ಗೊತ್ತು ಬಿಡು ಎಂದ.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅರ್ಧ ಗಂಟೆಯ ಹೊತ್ತಿಗೆ ಸದ್ದು ನಿಂತು ಮತ್ತೆ ಕೇಳಿಸಲಿಲ್ಲ. ನಾನು ಐದು ನಿಮಿಷ ತಡೆದೆ. ಜಾರಿ ಬಿದ್ದರೋ, ತಲೆ ಸುತ್ತಿತೋ ಎಂದು ಹೆದರಿ ಎದ್ದು ಹೋಗಿ ಬಾಗಿಲು ಬಡಿದೆ.

"ಯಾರೋ ಅದು?" ಒಳಗಿನಿಂದ ಅತ್ತಿಗೆಯ ದನಿ ಗುಡುಗಿತು. "ಹೆಂಗಸು ಸ್ನಾನ ಮಾಡ್ತಿರುವಾಗ ಬಾಗಿಲು ಬಡೀತಾರೇನೋ? ನಾಚಿಕೆ ಆಗಲ್ವಾ ನಿಂಗೆ? ಹೋಗು ಆಚೆ, ನಾನು ಬಂದಾಗ ಬರ್ತೀನಿ."

ಹೀಗೆ ಅವರು ನನ್ನನ್ನು ಗದರಿ ವರ್ಷ ಕಳೆದಿತ್ತು. ಕೈ ಸೋತ ಮೇಲೆ ಅವರು ಈ ಮನೆಯಲ್ಲಿ ಎಲ್ಲದಕ್ಕೂ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರು, ನೀರು ಬೇಕಾದರೂ ಕ್ಷಮೆ ಕೇಳಿದಂತೆ ಕೇಳುತ್ತಿದ್ದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಐವತ್ತು ವರ್ಷದ ಗಂಡಸು ನಾನು, ಮುಚ್ಚಿದ ಬಚ್ಚಲಿನ ಬಾಗಿಲ ಮುಂದೆ ನಿಂತು ಅತ್ತುಬಿಟ್ಟೆ. ಹಿಂದೆ ಟೆಸ್ಟರ್ ಇದ್ದಾನೆ ಎಂಬ ಪರಿವೆಯೂ ಇರಲಿಲ್ಲ. ಒಳಗೆ ಪಂಪು ಮತ್ತೆ ಶುರುವಾಯಿತು. ತಪ್ಪಾಯ್ತು ಅತ್ತಿಗೆ, ನಿಧಾನವಾಗಿ ಬನ್ನಿ ಎಂದು ಹೇಳಿ, ಮೆಲ್ಲಗೆ ಹಿಂದಕ್ಕೆ ಬಂದೆ.