ಸೀಸದ ಮೇಲಿನ ಹಲ್ಲಿನ ಗುರುತು

ಬೇಲೆಕೇರಿಯ ಆ ಮನೆಯಲ್ಲಿ ಮಗುವಿಗೆ ಹಲ್ಲು ಮೂಡಿತೆಂದರೆ ಅಜ್ಜ ರಾಮಾ ಒಂದು ಮರದ ದೋಣಿ ಕೆತ್ತಿಕೊಡಬೇಕು. ನೀರಿನಲ್ಲಿ ವಾಲುವ ದೋಣಿಯನ್ನು ಮಗುವಿನ ಕೈಗೆ ಕೊಡುವಂತಿಲ್ಲ. ಅದಕ್ಕಾಗಿ ರಾಮಾ ಬಲೆಗೆ ಹಾಕುವ ಸೀಸದ ಗುಂಡು ಮೂರನ್ನು ದಾರಕ್ಕೆ ಪೋಣಿಸಿ ಹಲ್ಲಿನಿಂದ ಕಚ್ಚಿ ಬಿಗಿದು, ದೋಣಿಯ ಅಡಿಗೆ ಕಟ್ಟುತ್ತಿದ್ದರು. ಬಲೆ ಕಟ್ಟುವಾಗಲೂ ಅವರದು ಅದೇ ಪದ್ಧತಿ. ಮನೆಯಲ್ಲಿದ್ದ ಇಕ್ಕಳಕ್ಕೆ ತುಕ್ಕು ಹಿಡಿದಿತ್ತು.

ಈಗಷ್ಟೇ ಹಲ್ಲು ಮೂಡಿದ ತನ್ನ ಮಗ ಆಶಿಷ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾನೆ, ಗುಂಡು ತೆಗೆದುಬಿಡಿ ಎಂದು ಸೊಸೆ ಪ್ರಗತಿ ಮೊದಲೇ ಕೇಳಿಕೊಂಡಿದ್ದಳು.

"ಸಣ್ಣಿರುವಾಗಿಂದ ಸೀಸ ಕಚ್ಚಿದವ ನಾನು. ನಂಗೆ ಎಂತಾ ಆಗಿದೆ?" ಎಂದಿದ್ದರು ಮಾವ.

"ಬಾಯಲ್ಲಿ ಹಲ್ಲು ಎಷ್ಟು ಉಳಿದಿದೆ, ಅದ್ ಹೇಳಿ ಮೊದಲು," ಎಂದು ಅತ್ತೆ ಕಾಶಿ ನಕ್ಕಿದ್ದಳು. ಮಾತು ಅಲ್ಲಿಗೇ ನಿಂತಿತ್ತು.

ಒಂದು ಮಧ್ಯಾಹ್ನ ಪ್ರಗತಿ ದೋಣಿಯನ್ನು ಎತ್ತಿ ನೋಡಿದರೆ ಅಡಿಯಲ್ಲಿ ಎರಡೇ ಗುಂಡು. ದಾರ ಸಡಿಲವಾಗಿತ್ತು, ಮಗುವಿನ ಬಾಯಿ ಜೊಲ್ಲಿನಿಂದ ತೊಯ್ದಿತ್ತು. ಗಂಡ ಬೋಟಿನಲ್ಲಿ ಸಮುದ್ರಕ್ಕೆ ಹೋಗಿದ್ದ. ಮಾವನನ್ನೇ ಕರೆದುಕೊಂಡು ರಿಕ್ಷಾದಲ್ಲಿ ಅಂಕೋಲೆಯ ಆಸ್ಪತ್ರೆಗೆ ಓಡಿದಳು.

ಎಕ್ಸರೇಯಲ್ಲಿ ಏನೂ ಕಾಣಲಿಲ್ಲ. ನುಂಗಿದ ಸೀಸ ಒಳಗಿದ್ದರೆ ಬೆಳ್ಳಗೆ ಎದ್ದು ಕಾಣುತ್ತಿತ್ತು ಎಂದರು ಡಾಕ್ಟರು. ಆದರೆ ಬರೇ ಚೀಪಿದರೂ ಸೀಸ ಮೈಗೆ ಸೇರುತ್ತದೆ, ಹೊರಗೆ ಯಾವ ಲಕ್ಷಣವನ್ನೂ ತೋರದೆ ಎಳೆಯ ಮಕ್ಕಳ ಮಿದುಳಿಗೆ ಪೆಟ್ಟು ಕೊಡಬಹುದು ಎಂದು ಹೇಳಿ, ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಹೊರಗೆ ಕುಳಿತಿದ್ದ ರಾಮಾ ಕೇಳಿಸಿಕೊಂಡದ್ದು 'ಏನೂ ಇಲ್ಲ' ಎಂಬಷ್ಟನ್ನೇ. ಈ ಸಲ ದಾರವನ್ನು ಇನ್ನೂ ಗಟ್ಟಿ ಬಿಗಿಯುತ್ತೇನೆ ಎನ್ನುತ್ತಲೇ ಮನೆಗೆ ಬಂದರು. ಡಾಕ್ಟರು ಹೇಳಿದ ಉಳಿದದ್ದನ್ನು ಪ್ರಗತಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೋಣಿಯನ್ನು ಬಚ್ಚಿಟ್ಟರೂ ಅವರು ಮತ್ತೊಂದು ಕೆತ್ತುವವರೇ.

ಅಷ್ಟರಲ್ಲಿ ಕಾಶಿ ಕಸ ಗುಡಿಸುವಾಗ ಒರಳುಕಲ್ಲಿನ ಸಂದಿಯಲ್ಲಿ ಕಳೆದ ಗುಂಡು ಸಿಕ್ಕಿತು. ಪ್ರಗತಿ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಮೆತ್ತನೆಯ ಸೀಸದ ಮೇಲೆ ಮಾವನ ಹಲ್ಲು ಅಗಲವಾಗಿ ಮೂಡಿತ್ತು. ಅದರ ಪಕ್ಕದಲ್ಲೇ ಎರಡು ಸಣ್ಣ ಗೀರುಗಳಿದ್ದವು. ಅದನ್ನು ಮಾವನ ಅಂಗೈಯಲ್ಲಿಟ್ಟಳು.

ರಾಮಾ ಕನ್ನಡಕ ಹಾಕಿಕೊಂಡು, ಗುಂಡನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು.

"ಇದು ನನ್ನ ಹಲ್ಲಲ್ಲ," ಎಂದು ಸಣ್ಣ ಗೀರುಗಳ ಮೇಲೆ ಉಗುರಿಟ್ಟರು.

"ಅಲ್ಲ ಮಾವಾ."

ಉಳಿದೆರಡು ಗುಂಡುಗಳನ್ನು ಅವರೇ ಬಿಚ್ಚಿದರು. ಬಲೆಯ ಗುಂಡುಗಳನ್ನೆಲ್ಲ ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿ, ಸೋಪು ಹಚ್ಚಿ ಕೈ ತೊಳೆದುಕೊಂಡರು. ಮರುದಿನ ಹಲಸಿನ ತುಂಡೊಂದನ್ನು ತಂದು ಕುಳಿತರು. ಅಡಿ ಅಗಲ, ವಾಲದಂತೆ ಬದಿಗೊಂದು ತೇಲುವ ಕೋಲು, ಎಲ್ಲವೂ ಒಂದೇ ಮರದಲ್ಲಿ. ಮೊಳೆಯಿಲ್ಲ, ದಾರವಿಲ್ಲ, ಬಣ್ಣವಿಲ್ಲ. ನೀರಿಗೆ ಬಿಟ್ಟರೆ ಮೊದಲು ಎಡಕ್ಕೆ ವಾಲಿತು, ಇನ್ನಷ್ಟು ಕೆತ್ತಿದ ಮೇಲೆ ಬಲಕ್ಕೆ. ಇನ್ನು ಬಲೆಯ ಗುಂಡು ಬಿಗಿಯಲೆಂದು ತುಕ್ಕು ಉಜ್ಜಿದ ಇಕ್ಕಳ ಅವರ ಪಕ್ಕದಲ್ಲೇ ಇತ್ತು.

"ಮುದುಕರಿಗೆ ಈಗ ಹೊಸ ಹಲ್ಲು ಬಂದಿದೆ," ಎಂದು ಕಾಶಿ ಇಕ್ಕಳ ತೋರಿಸಿ ಅಣಕಿಸಿದಳು. ರಾಮಾ ಕೆತ್ತುತ್ತಲೇ ಇದ್ದರು.

ರಕ್ತದ ವರದಿ ಬಂತು. ಸೀಸ ತುಸು ಇದೆ, ಔಷಧಿ ಬೇಡ, ಇನ್ನು ಸೀಸದ ಹತ್ತಿರ ಬಿಡದಿದ್ದರೆ ಇಳಿಯುತ್ತದೆ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರು. ಪ್ರಗತಿ ಮನೆ ಮುಟ್ಟುವಾಗ ದೋಣಿ ಬೋಗುಣಿಯ ನೀರಿನಲ್ಲಿ ನೆಟ್ಟಗೆ ನಿಂತಿತ್ತು. ರಾಮಾ ಮರಳುಕಾಗದದಿಂದ ಇನ್ನೊಮ್ಮೆ ಉಜ್ಜಿ, ಸಿಬಿರು ಇಲ್ಲವೆಂದು ಬೆರಳಾಡಿಸಿ ನೋಡಿ, ತೊಳೆದು ಸೊಸೆಯ ಕೈಗೆ ಕೊಟ್ಟರು.

"ನೀ ಒಮ್ಮೆ ನೋಡು, ಮತ್ತೆ ಅವಂಗೆ ಕೊಡು."

ಅವಳು ನೋಡಿ ಮಗುವಿಗೆ ಕೊಟ್ಟಳು. ಆಶಿಷ ಎರಡೂ ಕೈಯಲ್ಲಿ ಹಿಡಿದು ಅದರ ಮೂತಿಯನ್ನು ಕಚ್ಚಿದ. ಯಾರೂ ಬಿಡಿಸಲು ಹೋಗಲಿಲ್ಲ.